ಎಳೆಯುವ ಮುನ್ನ ಬಗ್ಗಿ ನೋಡು

ಮಗಾ, ಬಂಪರ್ ಬಿಚ್ಚುವಾಗ ನಿನಗೆ ಬರುವ ಸಿಟ್ಟು ನನಗೆ ಗೊತ್ತು. ಕೆಟ್ಟಿರುವುದು ಹಾರ್ನ್ ಒಂದೇ. ಅದನ್ನು ಮುಟ್ಟಬೇಕಾದರೆ ಎಷ್ಟೋ ಕಾರುಗಳಲ್ಲಿ ಇಡೀ ಮುಂಭಾಗವನ್ನೇ ಬಿಚ್ಚಬೇಕು. ಕಾರ್ಖಾನೆಯಲ್ಲಿ ರೇಡಿಯೇಟರ್, ಹಾರ್ನ್, ಹೆಡ್‌ಲೈಟ್ ಎಲ್ಲ ಕೂರಿಸಿದ ಮೇಲೆ ಬಂಪರ್ ಹಾಕುತ್ತಾರೆ. ಅಂದ ಕೆಡಬಾರದೆಂದು ಸ್ಕ್ರೂಗಳನ್ನು ಕಣ್ಣಿಗೆ ಬೀಳದ ಕಡೆ ಇಡುತ್ತಾರೆ. ಅವರ ಕೆಲಸ ಸಲೀಸಾಯಿತು, ಕಷ್ಟ ನಮ್ಮ ಪಾಲಿಗೆ ಬಂತು. ಆದರೂ ಆ ಸಿಟ್ಟನ್ನು ಬಂಪರಿನ ಮೇಲೆ ತೀರಿಸಿಕೊಳ್ಳಬೇಡ.

ಬಾನೆಟ್ ಎತ್ತಿದರೆ ಕಾಣುವ ಕ್ಲಿಪ್‌ಗಳನ್ನು ಯಾರಾದರೂ ಬಿಚ್ಚುತ್ತಾರೆ. ಅಡಿಯವಕ್ಕೆ ಕೆಸರು ಮೆತ್ತಿರುತ್ತದೆ, ಬ್ರಷ್‌ನಿಂದ ಉಜ್ಜಿದರೆ ಕಾಣುತ್ತವೆ. ನಿಜವಾದ ಕೆಲಸ ಇರುವುದು ಚಕ್ರದ ಗೂಡಿನಲ್ಲಿ. ಬಂಪರಿನ ತುದಿ ಫೆಂಡರ್‌ಗೆ ಸೇರುವ ಮೂಲೆಯಲ್ಲಿ, ಪ್ಲಾಸ್ಟಿಕ್ ಲೈನರಿನ ಹಿಂದೆ, ಒಂದು ಸ್ಕ್ರೂವೋ ಬೋಲ್ಟೋ ಅಡಗಿರುತ್ತದೆ. ಎಡಗಡೆಯದಕ್ಕೆ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸು, ಬಲಗಡೆಯದಕ್ಕೆ ಎಡಕ್ಕೆ. ಚಕ್ರದ ಮುಂಭಾಗ ಒಳಗೆ ಸರಿದು ಕೈ ಹೋಗುವಷ್ಟು ಜಾಗವಾಗುತ್ತದೆ. ಅಷ್ಟಕ್ಕೂ ಆಗದಿದ್ದರೆ ಚಕ್ರವನ್ನೇ ಬಿಚ್ಚು. ಬರೀ ಜಾಕ್ ನಂಬಿ ಕಾರಿನಡಿಗೆ ತಲೆ ಹಾಕಬೇಡ, ಸ್ಟ್ಯಾಂಡ್ ಕೊಡು.

ಮಂಗಳೂರು, ಕಾರವಾರದ ಕಡೆ ಓಡಿದ ಗಾಡಿಯಾದರೆ ಉಪ್ಪುಗಾಳಿಗೆ ಆ ಸ್ಕ್ರೂ ತುಕ್ಕು ಹಿಡಿದಿರಬಹುದು. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬೇರೆ ಕೆಲಸ ನೋಡು. ಅಳತೆ ಸರಿಹೊಂದದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆಯುತ್ತದೆ, ಆಮೇಲೆ ಡ್ರಿಲ್ ಹಿಡಿಯಬೇಕಾದೀತು. ಕ್ಲಿಪ್‌ಗಳಲ್ಲೂ ಬೇರೆ ಬೇರೆ ಜಾತಿ: ಕೆಲವಕ್ಕೆ ನಡುವಿನ ಕಡ್ಡಿಯನ್ನು ಮೇಲೆತ್ತಬೇಕು, ಕೆಲವಕ್ಕೆ ಒಳಗೆ ಒತ್ತಬೇಕು. ಮೀಟುವ ಮೊದಲು ಯಾವ ಜಾತಿಯದೆಂದು ನೋಡು.

ಎಲ್ಲ ಬಿಚ್ಚಿದೆ ಅನಿಸಿದ ಮೇಲೂ ಬಂಪರ್ ಬರುವುದಿಲ್ಲ. ಹೊಸ ಹುಡುಗರು ಎಡವುವುದು ಇಲ್ಲೇ, ಕಾಲೂರಿ ಎಳೆಯುತ್ತಾರೆ. ಎಳೆಯಬೇಡ. ಎಲ್ಲೋ ಒಂದು ಸ್ಕ್ರೂವೋ ಕ್ಲಿಪ್ಪೋ ಇನ್ನೂ ಹಿಡಿದುಕೊಂಡಿರಬಹುದು. ಟಾರ್ಚ್ ಹಿಡಿದು ಮತ್ತೆ ಬಗ್ಗಿ ಹುಡುಕು, ಬೆರಳಿನಿಂದ ತಡವು. ನಿಜಕ್ಕೂ ಏನೂ ಉಳಿದಿಲ್ಲವೆಂದರೆ ಫೆಂಡರ್ ಪಕ್ಕದ ಬ್ರಾಕೆಟ್ ಕಚ್ಚಿಕೊಂಡಿರುತ್ತದೆ. ಬಂಪರನ್ನು ಅದರಿಂದ ಮೊದಲು ಪಕ್ಕಕ್ಕೆ ಬಿಡಿಸಬೇಕು, ಆಮೇಲೆ ಮುಂದಕ್ಕೆ. ಬಂಪರ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಬಿಸಿಲಿನಲ್ಲಿ ಬಾಗುತ್ತದೆ, ಮಡಿಕೇರಿಯ ಚಳಿಯ ಬೆಳಗಿನಲ್ಲಿ ಲಟ್ಟನೆ ಮುರಿಯಬಹುದು. ಬಂಪರನ್ನು ಹಿಡಿಸುವ ಕಿವಿ ಮುರಿದರೆ ಅದು ಮತ್ತೆ ಸರಿಯಾಗಿ ಕೂರುವುದಿಲ್ಲ, ಸಂದು ಬಾಯಿ ಬಿಡುತ್ತದೆ. ಕಳಚುವ ಹೊತ್ತಿಗೆ ಇನ್ನೊಬ್ಬನನ್ನು ಕರೆ. ಫಾಗ್ ಲ್ಯಾಂಪ್, ಸೆನ್ಸರ್‌ಗಳ ವೈರ್ ಒಳಗೆ ಇನ್ನೂ ಅಂಟಿಕೊಂಡಿರುತ್ತದೆ. ಹಲವು ಕಾರುಗಳಲ್ಲಿ ಏರ್‌ಬ್ಯಾಗಿನ ಸೆನ್ಸರ್ ಕೂಡ ಅಲ್ಲೇ ಹಿಂದಿರುತ್ತದೆ. ಆದ್ದರಿಂದ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ತೆಗೆದೇ ಕೆಲಸಕ್ಕೆ ಕೈ ಹಾಕು.

ನನಗೆ ಹೆಚ್ಚು ಸಂಕಟ ಕೊಡುವುದು ಮರುಜೋಡಣೆಯ ಅವಸರ. ಕೈಗೆ ಎಟುಕದ ಆ ಸ್ಕ್ರೂವನ್ನು ಹಾಕದೆ ಬಿಡುವವರಿದ್ದಾರೆ, ಯಾರಿಗೂ ಕಾಣುವುದಿಲ್ಲವೆಂಬ ಧೈರ್ಯ. ಸಡಿಲವಾದ ಲೈನರ್ ಟೈರಿಗೆ ಉಜ್ಜುತ್ತದೆ, ಅಡಿಯ ಕವಚ ಗಾಳಿಗೆ ಬಡಿದುಕೊಂಡು ಒಂದು ದಿನ ಹೆದ್ದಾರಿಯಲ್ಲಿ ಕಳಚಿ ಬೀಳುತ್ತದೆ. ಹಿಂದೆ ಬರುವ ಬೈಕಿನವನ ಗತಿ ಯೋಚಿಸು. ಬಿಚ್ಚಿದಷ್ಟನ್ನೂ ಅದರದರ ಜಾಗದಲ್ಲೇ ಹಾಕು, ಮುರಿದ ಕ್ಲಿಪ್‌ಗೆ ಹೊಸದು ತರಿಸು. ಕಿವಿಯೇನಾದರೂ ಮುರಿದಿದ್ದರೆ, ಕೀಲಿ ಕೊಡುವ ಮೊದಲೇ ಗಾಡಿಯವರಿಗೆ ನೀನಾಗಿ ಹೇಳು.