ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಸಿದ್ಧ: ಹಾಲು ಕರೆಯುವ ಮನೆಗೊಂದು ತಿಂಡಿ



ಬೆಳಗಿನ ಐದು ಗಂಟೆಯಿಂದ ಎಂಟರವರೆಗೆ ನಿಮ್ಮ ಮನೆಯಲ್ಲಿ ಏನೇನು ನಡೆಯುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಸಗಣಿ ಬಾಚಬೇಕು, ಮೇವು ಹಾಕಬೇಕು, ಕೆಚ್ಚಲು ತೊಳೆದು ಹಾಲು ಕರೆಯಬೇಕು, ಸಂಘದಲ್ಲಿ ಅಳತೆ ಮುಗಿಯುವ ಮೊದಲು ಹಾಲು ತಲುಪಿಸಬೇಕು. ಅಷ್ಟರಲ್ಲಿ ಮಕ್ಕಳು ಶಾಲೆಗೆ ಹೊರಡುವ ಹೊತ್ತಾಗಿರುತ್ತದೆ. ಒಲೆಯ ಮೇಲೆ ತಿಂಡಿ ಬೇಯುವಷ್ಟು ಸಮಯ ಇರುವುದಿಲ್ಲ. ಮಗು ಒಂದು ಲೋಟ ಟೀ, ಎರಡು ಬಿಸ್ಕತ್ತಿನಲ್ಲಿ ಹೊರಟುಬಿಡುತ್ತದೆ. ಹಾಲು ಕರೆದ ತಾಯಿ ತಿನ್ನುವುದು ಹತ್ತು ಗಂಟೆಯ ಮೇಲೆ. ಬರಡು ರಾಸುಗಳ ಶಿಬಿರಕ್ಕೆ ಊರೂರಿಗೆ ಹೋಗುವ ನಮಗೆ ಇದು ದಿನವೂ ಕಾಣುವ ನೋಟ. ಹಸುವಿಗೆ ಹೊತ್ತಿಗೆ ಸರಿಯಾಗಿ ಹಿಂಡಿ ಬೂಸಾ ಇಡುವ ಮನೆಯಲ್ಲೇ ಮನುಷ್ಯರಿಗೆ ಹೊತ್ತಿಗೆ ತಿಂಡಿ ಇರುವುದಿಲ್ಲ.

2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಗುವಿಗೆ 150 ಮಿ.ಲೀ. ಹಾಲು ಸಿಗುತ್ತದೆ. ಒಳ್ಳೆಯದೇ. ಆದರೆ ಅದು ಮನೆಯ ತಿಂಡಿಯ ಜೊತೆಗೆ ಸೇರಬೇಕಾದ್ದು, ತಿಂಡಿಯ ಬದಲಿಗೆ ಅಲ್ಲ.

ಈ ತೊಂದರೆಗೆ ಒಂದು ಸುಲಭ ದಾರಿಯೆಂದರೆ ತಿಂಡಿಯನ್ನು ರಾತ್ರಿಯೇ ನೆನೆಸಿಡುವುದು. ಪೇಟೆಯಲ್ಲಿ ಈಗ ಓಟ್ಸನ್ನು ಹಾಲಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಹಣ್ಣು, ಕಡಲೆಕಾಯಿ ಬೆಣ್ಣೆ ಸೇರಿಸಿ ತಿನ್ನುವ ರೂಢಿ ಬಂದಿದೆ. ಇದು ತೀರ ಹೊಸದಲ್ಲ. ಸ್ವಿಟ್ಜರ್ಲೆಂಡಿನ ವೈದ್ಯ ಬಿರ್ಷರ್ ಬೆನ್ನರ್ ನೂರು ವರ್ಷಗಳಿಗೂ ಹಿಂದೆ ತನ್ನ ರೋಗಿಗಳಿಗೆ ನೆನೆಸಿದ ಓಟ್ಸು, ತುರಿದ ಸೇಬು, ಬೀಜಗಳನ್ನು ಕಲಸಿ ಕೊಡುತ್ತಿದ್ದ. ಪಶುವೈದ್ಯರಾದ ನಮಗೆ ಓಟ್ಸ್ ಎಂದರೆ ಮೊದಲು ನೆನಪಾಗುವುದು ತೋಕೆಗೋಧಿ ಎಂಬ ಹಿಂಗಾರಿನ ಹಸಿರು ಮೇವು. ಅದರ ಕಾಳನ್ನೇ ಹಬೆಯಲ್ಲಿ ಬೇಯಿಸಿ ಚಪ್ಪಟೆ ಮಾಡಿದರೆ ಅಂಗಡಿಯ ಓಟ್ಸ್ ಆಗುತ್ತದೆ.

ಹಬೆಯಲ್ಲಿ ಬೆಂದಿರುವುದರಿಂದಲೇ ಅದನ್ನು ಮತ್ತೆ ಬೇಯಿಸದೆ ನೆನೆಸಿ ತಿನ್ನಬಹುದು. ನಮ್ಮ ಅವಲಕ್ಕಿಯೂ ಹಾಗೆಯೇ. ಭತ್ತವನ್ನು ನೆನೆಸಿ, ಹುರಿದು, ಬಡಿದು ಮಾಡಿದ್ದು. ರಾಗಿ ಹುರಿಹಿಟ್ಟೂ ಅರಳು ಹುರಿದು ಬೀಸಿದ್ದು. ಈ ಮೂರರಲ್ಲಿ ಯಾವುದನ್ನು ಬೇಕಾದರೂ ಬಳಸಿ. ಹಸಿ ರಾಗಿಹಿಟ್ಟು, ಅಕ್ಕಿಹಿಟ್ಟು ಮಾತ್ರ ನೆನೆಸಿ ತಿನ್ನುವ ವಸ್ತುಗಳಲ್ಲ, ಅವನ್ನು ಬೇಯಿಸಲೇಬೇಕು. ಓಟ್ಸ್ ಕೊಳ್ಳುವವರು ಉಪ್ಪು ಮಸಾಲೆ ಬೆರೆಸಿದ ಪೊಟ್ಟಣ ಬಿಟ್ಟು ಸಾದಾ ಓಟ್ಸನ್ನೇ ಕೊಳ್ಳಿ. 100 ಗ್ರಾಂ ಓಟ್ಸಿನಲ್ಲಿ ಸುಮಾರು 13 ಗ್ರಾಂ ಸಸಾರಜನಕ ಇದೆ, ಅವಲಕ್ಕಿಯಲ್ಲಿ ಅದರ ಅರ್ಧದಷ್ಟು. ಓಟ್ಸಿನ ನಾರು ರಕ್ತದ ಕೊಲೆಸ್ಟರಾಲನ್ನು ಸ್ವಲ್ಪ ತಗ್ಗಿಸುತ್ತದೆ ಎಂಬುದೂ ನಿಜ. ಆದರೆ ದುಡ್ಡು ಕೊಟ್ಟು ಅದನ್ನೇ ತರಬೇಕೆಂಬ ಹಟ ಬೇಡ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂಗೂ ಹೆಚ್ಚು ಸುಣ್ಣದಂಶ ಇದೆ, ಓಟ್ಸಿನಲ್ಲಿ ಅಷ್ಟಿಲ್ಲ. ಅವಲಕ್ಕಿಯಲ್ಲಿ ಕಡಿಮೆ ಬೀಳುವ ಸಸಾರಜನಕವನ್ನು ಹಾಲು ಮತ್ತು ಕಡಲೆಕಾಯಿ ತುಂಬಿಕೊಡುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನೆನೆಸುವ ಹಾಲು ಕಾಯಿಸಿ ಆರಿಸಿದ ಹಾಲಾಗಿರಬೇಕು. "ನಮ್ಮ ಹಸು, ಈಗ ತಾನೇ ಕರೆದ ನೊರೆಹಾಲು, ಇದಕ್ಕೇನಾಗುತ್ತದೆ?" ಎಂದು ಕೇಳುವವರಿದ್ದಾರೆ. ಕಂದು ಹಾಕುವ ರೋಗದ, ಅಂದರೆ ಬ್ರುಸೆಲ್ಲಾ ರೋಗಾಣು ನೋಡಲು ಗಟ್ಟಿಮುಟ್ಟಾಗಿರುವ ಹಸುವಿನ ಹಾಲಿನಲ್ಲೂ ಇರಬಹುದು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಸು ಕಂದು ಹಾಕಿದ ಮೇಲೆಯೇ ಮನೆಯವರಿಗೆ ಗೊತ್ತಾಗುವುದು. ಮನುಷ್ಯರಿಗೆ ತಗುಲಿದರೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲು ಸೊಂಟ ನೋವು, ತಿಂಗಳುಗಟ್ಟಲೆ ನಿತ್ರಾಣ. ಕ್ಷಯದ ರೋಗಾಣುವೂ ಹಸಿ ಹಾಲಿನ ಮೂಲಕ ಬರಬಲ್ಲದು. ಒಂದು ಕುದಿ ಬಂದರೆ ಎರಡೂ ಸಾಯುತ್ತವೆ. ಹಸಿ ಹಾಲನ್ನು ಕಾಳಿನೊಂದಿಗೆ ರಾತ್ರಿಯಿಡೀ ಇಡುವುದೆಂದರೆ ರೋಗಾಣುವಿಗೆ ಊಟ ಹಾಕಿ, ಹಾಸಿಗೆ ಹಾಸಿದಂತೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆ ಹಾಕಿಸುವುದನ್ನೂ ಮರೆಯಬೇಡಿ. ಹಾಗೆಯೇ, ಕೆಚ್ಚಲು ಬಾವಿಗೆ ಚುಚ್ಚುಮದ್ದು ಅಥವಾ ತೊಟ್ಟಿನೊಳಗೆ ಔಷಧ ಕೊಟ್ಟಿದ್ದರೆ, ವೈದ್ಯರು ಹೇಳಿದಷ್ಟು ದಿನ ಆ ಹಾಲು ಸಂಘಕ್ಕೂ ಬೇಡ, ಮನೆಗೂ ಬೇಡ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂರುವುದೂ ಇಲ್ಲ.

ಫ್ರಿಜ್ ಇರುವವರ ಕೆಲಸ ಸುಲಭ. ಒಬ್ಬರಿಗೆ 40 ಗ್ರಾಂ ಓಟ್ಸ್, ಅಂದರೆ ಸಾಧಾರಣ ಲೋಟದಲ್ಲಿ ಅರ್ಧ. ಅದಕ್ಕೆ ಕಾಯಿಸಿ ಆರಿಸಿದ 150 ಮಿ.ಲೀ. ಹಾಲು ಹಾಕಿ ಮುಚ್ಚಿಟ್ಟರೆ ಬೆಳಿಗ್ಗೆ ಮೆತ್ತಗಾಗಿರುತ್ತದೆ. ಫ್ರಿಜ್ ಇಲ್ಲದವರು, ಅಥವಾ ರಾತ್ರಿ ಕರೆಂಟು ಕೈಕೊಡುವ ಊರಿನವರು ಬರೀ ಹಾಲಿನಲ್ಲಿ ನೆನೆಸಿ ಹೊರಗಿಡಬೇಡಿ. ಅವರಿಗೆ ದಾರಿ ತಾಯಂದಿರಿಗೇ ಗೊತ್ತಿದೆ. ದೂರದ ಪ್ರಯಾಣಕ್ಕೆ ಮೊಸರನ್ನ ಕಟ್ಟುವಾಗ ಏನು ಮಾಡುತ್ತೀರಿ? ಅನ್ನಕ್ಕೆ ಹಾಲು ಹಾಕಿ, ಒಂದು ಚಮಚ ಮೊಸರು ಕಲಸುತ್ತೀರಿ. ಊಟದ ಹೊತ್ತಿಗೆ ಅದು ಹದವಾದ ಮೊಸರನ್ನವಾಗಿರುತ್ತದೆ. ಇಲ್ಲಿಯೂ ಅದನ್ನೇ ಮಾಡಿ. ಉಗುರು ಬೆಚ್ಚಗಿನ ಹಾಲಿಗೆ ಓಟ್ಸ್ ಹಾಕಿ, ಅರ್ಧ ಚಮಚ ಒಳ್ಳೆಯ ಮೊಸರು ಕಲಸಿ, ತೊಳೆದು ಒಣಗಿಸಿದ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡಿ. ಮೊಸರಿನ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುತ್ತವೆ. ಆ ಹುಳಿಯಲ್ಲಿ ಕೆಡಿಸುವ ರೋಗಾಣುಗಳು ಸುಲಭವಾಗಿ ಬೆಳೆಯಲಾರವು. ಬೇಸಿಗೆಯಲ್ಲಿ ಮಲಗುವ ಮುಂಚೆ ಕಲಸಿ, ಹೆಪ್ಪು ಕಡಿಮೆ ಮಾಡಿ. ಇಲ್ಲವಾದರೆ ಮಕ್ಕಳು ಹುಳಿ ಎಂದು ಮುಖ ತಿರುಗಿಸುತ್ತಾರೆ. ಮಾಗಿಯ ಚಳಿಯಲ್ಲಿ ಡಬ್ಬಿಗೆ ಬಟ್ಟೆ ಸುತ್ತಿ. ಬೆಳಿಗ್ಗೆ ನೂಲಿನಂತೆ ಎಳೆ ಬಂದರೆ ಅಥವಾ ಕೆಟ್ಟ ವಾಸನೆ ಇದ್ದರೆ ಚೆಲ್ಲಿಬಿಡಿ. ಮಧ್ಯಾಹ್ನಕ್ಕೆ ಉಳಿಸುವ ಪದಾರ್ಥ ಇದಲ್ಲ.

ಅವಲಕ್ಕಿಯನ್ನು ರಾತ್ರಿಯೆಲ್ಲ ನೆನೆಸಿದರೆ ಗಂಜಿಯಾಗುತ್ತದೆ. ಹಾಲು ಕರೆಯಲು ಹೋಗುವಾಗ ಗಟ್ಟಿ ಅವಲಕ್ಕಿಯನ್ನು ಮೊಸರಿನಲ್ಲಿ ಹಾಕಿಟ್ಟು ಹೋಗಿ, ಕರೆದು ಬರುವಷ್ಟರಲ್ಲಿ ಸರಿಯಾಗಿರುತ್ತದೆ. ಹುರಿಹಿಟ್ಟಿಗೆ ಅಷ್ಟೂ ಕಾಯಬೇಕಿಲ್ಲ.

ಕಡಲೆಕಾಯಿ ಬೆಣ್ಣೆಯನ್ನು ಅಂಗಡಿಯಿಂದ ತರುವುದು ದುಂದು. ಪಾವಗಡ, ಶಿರಾ, ಚಳ್ಳಕೆರೆ ಸೀಮೆಯಲ್ಲಿ ಬೆಳೆಯುವ ಕಾಯಿಯೇ ಇದಕ್ಕೆ ಸಾಕು. ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ತೂರಿ, ಒಣ ಮಿಕ್ಸಿ ಜಾರಿನಲ್ಲಿ ಅರೆಯಿರಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಮುದ್ದೆಯಾಗುತ್ತದೆ. ಅಲ್ಲಿಗೆ ನಿಲ್ಲಿಸದೆ, ನಡುನಡುವೆ ಜಾರು ಆರಲು ಬಿಟ್ಟು ಅರೆಯುತ್ತಾ ಹೋದರೆ ಬೀಜದ ಎಣ್ಣೆ ತಾನಾಗಿ ಬಿಟ್ಟು ಬೆಣ್ಣೆಯಂತೆ ನುಣುಪಾಗುತ್ತದೆ. ಒಂದು ಹನಿ ನೀರೂ ಬೇಡ, ನೀರು ಬಿದ್ದರೆ ಬೇಗ ಬೂಸ್ಟು ಹಿಡಿಯುತ್ತದೆ. ಒಣ ಸೀಸೆಯಲ್ಲಿಟ್ಟು ಒಂದೆರಡು ವಾರದಲ್ಲಿ ಮುಗಿಸಿ. ಒಬ್ಬರಿಗೆ ಒಂದು ದೊಡ್ಡ ಚಮಚ ಸಾಕು.

ಅರೆಯುವ ಮೊದಲು ಬೀಜ ಆರಿಸುವುದನ್ನು ಮಾತ್ರ ಬಿಡಬೇಡಿ. ಮಳೆಯಲ್ಲಿ ನೆಂದ ಕಾಯಿ, ಸರಿಯಾಗಿ ಒಣಗದೆ ಚೀಲ ಸೇರಿದ ಕಾಯಿ ಹಸಿರು ಹಳದಿ ಬೂಸ್ಟು ಹಿಡಿಯುತ್ತದೆ. ಆ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹುರಿದರೂ ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಯಕೃತ್ತನ್ನು ಹಾಳುಮಾಡುತ್ತದೆ, ಬಹುಕಾಲ ಸೇವಿಸಿದರೆ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗುತ್ತದೆ. ಸುಕ್ಕಾದ, ಬಣ್ಣಗೆಟ್ಟ, ಕಹಿ ಬೀಜ ಒಂದನ್ನೂ ಬಿಡದೆ ತೆಗೆಯಿರಿ.

ತೆಗೆದ ಬೀಜವನ್ನು ಏನು ಮಾಡುತ್ತೀರಿ? ಬಹಳ ಮನೆಗಳಲ್ಲಿ ಅದು ನೇರವಾಗಿ ಕಲಗಚ್ಚಿನ ಬಾನಿಗೆ ಬೀಳುತ್ತದೆ. ಹಸು ಅದನ್ನು ತಿಂದರೆ ವಿಷದ ಒಂದು ಪಾಲು ಒಂದೆರಡು ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಲು ಕಾಯಿಸಿದರೂ ಅದು ನಾಶವಾಗದು. ಒಂದು ಕಿಲೋ ಹಾಲಿನಲ್ಲಿ ಈ ವಿಷ 0.5 ಮೈಕ್ರೋಗ್ರಾಂ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮವಿದೆ. ಒಂದು ಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲಿನ ಅರ್ಧ, ಅಷ್ಟು ಸೂಕ್ಷ್ಮ! ಮಗುವಿನ ಬಟ್ಟಲಿನಿಂದ ಆರಿಸಿ ತೆಗೆದದ್ದು ಹಸುವಿನ ಹೊಟ್ಟೆ ಸುತ್ತಿ ಅದೇ ಬಟ್ಟಲಿಗೆ ಹಾಲಾಗಿ ವಾಪಸ್ಸು ಬರುತ್ತದೆ. ಕೋಳಿಗೂ ಹಾಕಬೇಡಿ, ಗುಂಡಿ ತೋಡಿ ಹೂಳಿ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಗೂ ಇದೇ ಮಾತು. ಹಿಂಡಿಯ ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಇಡಿ.

ಹಣ್ಣನ್ನು ಬೆಳಿಗ್ಗೆಯೇ ಹೆಚ್ಚಿ ಹಾಕಿ. ರಾತ್ರಿ ಹಾಕಿದ ಬಾಳೆಹಣ್ಣು ಕಪ್ಪಾಗುತ್ತದೆ, ಅನಾನಸ್ ಹಾಲನ್ನು ಒಡೆಸಿ ಕಹಿ ಮಾಡುತ್ತದೆ. ಬಾಳೆ, ಸೀಬೆ, ಮಾವು, ಸಪೋಟ, ಆಯಾ ಕಾಲಕ್ಕೆ ಸಿಕ್ಕಿದ್ದು. ಸೀಬೆ ಇದ್ದರೆ ಬಹಳ ಒಳ್ಳೆಯದು, ಅದರ ಸಿ ಜೀವಸತ್ವ ಕಾಳಿನ ಕಬ್ಬಿಣದಂಶ ಮೈಗೆ ಹತ್ತಲು ನೆರವಾಗುತ್ತದೆ. ತಿಂಡಿಯ ಜೊತೆಗೇ ಕುಡಿಯುವ ಟೀ ಅದಕ್ಕೆ ಅಡ್ಡಿ. ಹಣ್ಣು ಸಿಹಿಯಿದ್ದರೆ ಬೆಲ್ಲ ಬೇಕಿಲ್ಲ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಟ್ಟು, ಹಣ್ಣನ್ನು ಅರ್ಧ ಮಾಡಿಕೊಳ್ಳಬೇಕು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಕೊಡಬೇಡಿ. ಎಳೆ ಮಕ್ಕಳಿಗೆ ಇಡೀ ಕಡಲೆಬೀಜ ಗಂಟಲಿಗೆ ಸಿಕ್ಕಿಕೊಂಡು ಅಪಾಯ; ಬೆಣ್ಣೆಯನ್ನೂ ಹಾಲಿನಲ್ಲಿ ತೆಳುವಾಗಿ ಕದಡಿಯೇ ಕೊಡಿ. ಕಡಲೆಕಾಯಿ ತಿಂದು ಮೈಮೇಲೆ ದದ್ದು, ಉಸಿರುಗಟ್ಟುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಇಂಥ ಒಂದು ಬಟ್ಟಲಿನಲ್ಲಿ ಓಟ್ಸಿನಿಂದ 5, ಹಾಲಿನಿಂದ 5, ಕಡಲೆಕಾಯಿಯಿಂದ 4, ಹೀಗೆ ಸುಮಾರು 14 ಗ್ರಾಂ ಸಸಾರಜನಕ ಸಿಗುತ್ತದೆ. ಟೀ ಬಿಸ್ಕತ್ತಿನಲ್ಲಿ ಇದರ ಕಾಲು ಭಾಗವೂ ಸಿಗದು. ಇದಕ್ಕೆ ಮೂರು ಜನರಿಗೆ ಬೇಕಾಗುವ ಹಾಲು ಅರ್ಧ ಲೀಟರಿಗಿಂತ ಕಡಿಮೆ. ಬಟವಾಡೆಯಲ್ಲಿ ಅಷ್ಟು ಕಡಿಮೆಯಾಗುತ್ತದೆ, ನಿಜ. ಸಂಘಕ್ಕೆ ಹಾಲು ಹೆಚ್ಚು ಬರಲೆಂದು ಬಯಸುವವರು ನಾವೇ. ಆದರೂ ಆ ಅರ್ಧ ಲೀಟರನ್ನು ಸಂಜೆಯ ಹಾಲಿನಲ್ಲಿ ಮೊದಲು ತೆಗೆದಿಟ್ಟು, ಉಳಿದದ್ದನ್ನು ಅಳೆಯಿರಿ. ಮನೆಗೆ ನೀರು ಹೆಚ್ಚು ಬೆರೆಸಿದ ಹಾಲು, ಡೇರಿಗೆ ಗಟ್ಟಿ ಹಾಲು ಎಂಬ ಲೆಕ್ಕ ನನಗೆ ಒಪ್ಪಿಗೆಯಾಗದು.

ಬಾಳೆಹಣ್ಣಿನ ಸಿಪ್ಪೆ ಹಸುವಿಗೆ ಇಷ್ಟ, ತೊಳೆದು ಹಾಕಿ. ಉಳಿದ ಓಟ್ಸ್ ಒಂದು ಬಟ್ಟಲಿದ್ದರೆ ಬಾನಿಗೆ ಹಾಕಿದರೂ ತೊಂದರೆಯಿಲ್ಲ. ಮದುವೆ ಮನೆಯಲ್ಲಿ ಮಿಕ್ಕ ಅನ್ನ ಪಾಯಸವನ್ನು ಬಕೆಟ್ಟುಗಟ್ಟಲೆ ಹಾಕಿದಾಗ ಮಾತ್ರ ಹಸುವಿನ ಹೊಟ್ಟೆಯಲ್ಲಿ ಹುಳಿ ಏರಿ, ಮೆಲುಕು ನಿಂತು, ಬೆಳಗಾಗುವುದರಲ್ಲಿ ನೆಲ ಹಿಡಿಯುತ್ತದೆ. ಹಾಗಾದ ಹೊತ್ತಿನಲ್ಲಿ ಮನೆಮದ್ದಿಗೆ ಕಾಯದೆ ಸಂಘದ ಮೂಲಕ ತುರ್ತು ಪಶುವೈದ್ಯರಿಗೆ ತಿಳಿಸಿ.