ಬೆರಳಿಗೆ ಕಾಣುವ ನಕ್ಷೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಕೈಗೆಲಸದ ತರಗತಿಯಲ್ಲಿ ತಾವು ಹೊಲಿದ ದಿಂಬಿನ ಗವುಸುಗಳನ್ನು ಮರೆತಿರಲಾರರು. ಅವೆಲ್ಲವೂ ತಮಗಾಗಿ, ಇಲ್ಲವೆ ತಮ್ಮ ಮನೆಗಾಗಿ ಮಾಡಿದವು. ಕಳೆದ ವರ್ಷ ಒಂಬತ್ತನೆಯ ತರಗತಿಯವರಿಗೆ ನಾವು ಬೇರೊಂದು ಕೆಲಸವನ್ನು ಕೊಟ್ಟೆವು: ಅಂಧ ಬಾಲಿಕೆಯರ ಶಾಲೆಯೊಂದಕ್ಕೆ ಕರ್ನಾಟಕದ ನಕ್ಷೆಯನ್ನು ಮಾಡಿಕೊಡತಕ್ಕದ್ದು. ಪರರ ಕಷ್ಟವನ್ನು ಅರಿಯುವ ಗುಣವು ಉಪದೇಶದಿಂದ ಬರುವುದು ಅಪರೂಪ. ಕೈಯಿಂದ ಮಾಡಿದ ವಸ್ತುವಾದರೋ ನಮಗೆಷ್ಟು ತಿಳಿದಿದೆಯೆಂಬುದನ್ನು ಮುಚ್ಚಿಡದೆ ಹೇಳಿಬಿಡುತ್ತದೆ.

ಎಂಟು ದಿನಗಳಲ್ಲಿ ನಕ್ಷೆಯು ಸಿದ್ಧವಾಯಿತು. ಗಡಿಗೆ ಕೆಂಪು ಉಲ್ಲನ್ ದಾರ, ನದಿಗಳಿಗೆ ನೀಲಿ, ಅಂಚಿಗೆಲ್ಲ ಕಸೂತಿ. ಹೊಗಳಿದವರಲ್ಲಿ ನಾವೇ ಮೊದಲಿಗರು. ಅದನ್ನು ಕೊಂಡೊಯ್ದ ದಿನ ಅಲ್ಲಿಯ ಹುಡುಗಿಯೊಬ್ಬಳು ಎರಡು ಕೈಗಳಿಂದಲೂ ಬಹಳ ಹೊತ್ತು ತಡವಿ ನೋಡಿ, "ಅಕ್ಕಾ, ಇದರಲ್ಲಿ ಹೊಳೆ ಯಾವುದು, ಗಡಿ ಯಾವುದು?" ಎಂದು ಕೇಳಿದಳು. ಎರಡೂ ಒಂದೇ ದಪ್ಪದ ದಾರ. ಬಣ್ಣವಲ್ಲದೆ ಬೇರೆ ಭೇದವಿರಲಿಲ್ಲ. ನಮ್ಮವರಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಈ ತಪ್ಪು ಹಳೆಯದು. ಲೂಯಿ ಬ್ರೈಲನು 1819ರಲ್ಲಿ ಪ್ಯಾರಿಸ್ಸಿನ ಅಂಧ ಶಾಲೆಯನ್ನು ಸೇರಿದಾಗ ಅಲ್ಲಿದ್ದ ಪುಸ್ತಕಗಳಲ್ಲಿ ಸಾಮಾನ್ಯ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿದ್ದರು. ಮಾಡಿದವರ ಮನಸ್ಸು ಒಳ್ಳೆಯದೇ. ಆದರೆ ಆ ಅಕ್ಷರಗಳು ಕಣ್ಣಿಗೆ ಹೊಂದಿದವು, ಬೆರಳಿಗಲ್ಲ. ಸೈನ್ಯದ ಅಧಿಕಾರಿಯೊಬ್ಬನು ಕಲ್ಪಿಸಿದ್ದ ಹನ್ನೆರಡು ಚುಕ್ಕೆಗಳ ಬರಹವನ್ನು ಆರಕ್ಕೆ ಇಳಿಸಿ, ಒಂದು ಬೆರಳತುದಿಯೊಳಗೆ ಅಕ್ಷರವನ್ನು ಅಡಗಿಸಿದವನು ಸ್ವತಃ ಅಂಧನಾದ ಈ ಬಾಲಕನು. ಆಗ ಅವನಿಗೆ ಹದಿನೈದು ವರ್ಷ. ಅವನ ಶಾಲೆಯು ಅದನ್ನು ವಿಧಿವತ್ತಾಗಿ ಅಂಗೀಕರಿಸಿದುದು 1854ರಲ್ಲಿ, ಅವನು ತೀರಿಕೊಂಡು ಎರಡು ವರ್ಷಗಳಾದ ಮೇಲೆ! ಇಂದು ಕನ್ನಡವನ್ನೂ ಆ ಆರು ಚುಕ್ಕೆಗಳಲ್ಲಿಯೇ ಬರೆಯುತ್ತಾರೆ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪರೀಕ್ಷಿಸೋಣವೆಂದು ನಮ್ಮ ಬಾಲಿಕೆಯರು ಸೂಚಿಸಿದರು. ಒಪ್ಪಿದೆವು, ದೊರೆತ ಪ್ರಯೋಜನ ಅಲ್ಪ. ಅರ್ಧ ಗಂಟೆ ಕಣ್ಣು ಕಟ್ಟಿಕೊಂಡವಳಿಗೆ ಕತ್ತಲೆಯ ಅಂಜಿಕೆ ತಿಳಿದೀತೇ ಹೊರತು ಬೆರಳಿನಿಂದಲೇ ಓದಿ ಬೆಳೆದವಳ ಜಾಣ್ಮೆ ತಿಳಿಯದು. ಆದುದರಿಂದ ಶನಿವಾರಗಳಂದು ಆ ಮಕ್ಕಳೊಡನೆಯೇ ಕುಳಿತು ಕೆಲಸ ಮಾಡತಕ್ಕದ್ದೆಂದು ಗೊತ್ತುಮಾಡಿದೆವು. ಕಸೂತಿಯನ್ನು ಬಿಚ್ಚುವಾಗ ಒಬ್ಬಳು ಅತ್ತಳು. ನಾವು ಸಮಾಧಾನ ಹೇಳಹೋಗಲಿಲ್ಲ. ಪಶ್ಚಿಮ ಘಟ್ಟಗಳಿಗೆ ತೆಂಗಿನ ನಾರು ಅಂಟಿಸಿದರೆ ಚುಚ್ಚುತ್ತದೆಂದರು. ಬಟ್ಟೆಯ ಮಡಿಕೆಗೆ ಹತ್ತಿ ತುಂಬಿ ಹೊಲಿದದ್ದಾಯಿತು. ಗಡಿಗೆ ಒರಟು ಹುರಿ, ನದಿಗೆ ನುಣುಪಾದ ರೇಷ್ಮೆಯ ಹುರಿ, ಊರುಗಳಿಗೆ ಅಂಗಿಯ ಗುಂಡಿ. ಗುಂಡಿಗಳು ಒತ್ತಾದರೆ ಬೆರಳಿಗೆ ಗೊಂದಲವೆಂದುದರಿಂದ 20 ಊರುಗಳನ್ನು 8ಕ್ಕೆ ಇಳಿಸಿದೆವು. ಹೆಸರಿನ ಚೀಟಿಗಳನ್ನು ಬ್ರೈಲ್ ಲಿಪಿಯಲ್ಲಿ ಚುಚ್ಚಿಕೊಟ್ಟವರು ಅವರೇ.

ಮೂರನೆಯ ನಕ್ಷೆಯ ಮೇಲೆ, ಮೊದಲು ಪ್ರಶ್ನೆ ಕೇಳಿದ ಅದೇ ಹುಡುಗಿಯ ಬೆರಳು ತಲಕಾವೇರಿಯಿಂದ ಹೊರಟು, ಶ್ರೀರಂಗಪಟ್ಟಣದ ಗುಂಡಿಯನ್ನು ದಾಟಿ, ಗಡಿಯ ಹುರಿಯ ಬಳಿ ನಿಂತಿತು. "ಹೊಳೆ ಇಲ್ಲಿಗೆ ಮುಗಿಯಿತೇ?" ಎಂದಳು. ನಮ್ಮವರು ಈಗ ನಕ್ಷೆಯ ಅಂಚಿಗೆ ಒಂದು ಮೊಳ ಬಟ್ಟೆಯನ್ನು ಸೇರಿಸಿ, ರೇಷ್ಮೆಯ ಹುರಿಯನ್ನು ತಮಿಳುನಾಡಿನ ಮೇಲಿಂದ ಬಂಗಾಳ ಕೊಲ್ಲಿಯವರೆಗೆ ಹೊಲಿಯುತ್ತಿದ್ದಾರೆ.