ಪಟ್ಟಾಭಿಷೇಕದ ಪಟ ತಪ್ಪೇ?

ಪ್ರಶ್ನೆ: ನಮ್ಮತ್ತೆಯವರು 50 ವರ್ಷ ಪೂಜಿಸಿದ ಶ್ರೀರಾಮ ಪಟ್ಟಾಭಿಷೇಕದ ಪಟ ದೇವರಮನೆಯಲ್ಲಿದೆ. ರಾಮಾಯಣ ಓದಿದ ಮಗ, ‘ವಾಲ್ಮೀಕಿ ಹೇಳಿದ ಹಾಗಿಲ್ಲ, ತಪ್ಪು ಪಟ, ತೆಗೀರಿ’ ಅಂತಾನೆ. ಅತ್ತೆಯವರು ಈಗಿಲ್ಲ, ತೆಗೆಯಲು ಮನಸ್ಸಾಗದು. ಏನು ಮಾಡಲಿ?
– ಓರ್ವ ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಮಗ ಓದಿದ್ದು ಸರಿಯೇ. ಯುದ್ಧಕಾಂಡದ ಕೊನೆಯಲ್ಲಿ ಬಿಳಿಯ ಛತ್ರ ಹಿಡಿದವನು ಶತ್ರುಘ್ನ. ಚಾಮರ ಹಿಡಿದವರು ಸುಗ್ರೀವ ಮತ್ತು ವಿಭೀಷಣ. ಪಟಗಳಲ್ಲಿ ಸಾಮಾನ್ಯವಾಗಿ ಛತ್ರ, ಚಾಮರ ಎರಡೂ ತಮ್ಮಂದಿರ ಕೈಯಲ್ಲೇ ಇರುತ್ತವೆ, ಪಾದದ ಬಳಿ ಹನುಮಂತ ಕೂತಿರುತ್ತಾನೆ. ವಾಲ್ಮೀಕಿಗಳು ಅಲ್ಲಿ ಹನುಮಂತನ ಬಗ್ಗೆ ಹೇಳುವುದು, ಸೀತಾಮಾತೆ ಅವನಿಗೆ ಮುತ್ತಿನ ಹಾರ ಕೊಟ್ಟದ್ದನ್ನು.

ಹಾಗಂತ ಪಟ ತಪ್ಪು ಅನ್ನಬೇಡಿ. ಪಾರಾಯಣಕ್ಕೆ ಮೊದಲು ಹೇಳುವ ಧ್ಯಾನಶ್ಲೋಕ ನೆನಪಿಸಿಕೊಳ್ಳಿ. ರಾಮನ ಎಡಕ್ಕೆ ಸೀತೆ, ಎದುರಿಗೆ ಹನುಮಂತ, ಹಿಂದೆ ಲಕ್ಷ್ಮಣ, ಅಕ್ಕಪಕ್ಕ ಭರತ ಶತ್ರುಘ್ನರು, ಮೂಲೆಗಳಲ್ಲಿ ಸುಗ್ರೀವ, ವಿಭೀಷಣ, ಅಂಗದ, ಜಾಂಬವಂತ. ಪಟ ಬರೆದವರು ಹಿಡಿದದ್ದು ಈ ಕ್ರಮವನ್ನು. ಅಂದು ಅಯೋಧ್ಯೆಯಲ್ಲಿ ಏನಾಯಿತು ಅಂತ ಕಾವ್ಯ ಹೇಳುತ್ತದೆ. ಇಂದು ಮನಸ್ಸಿನಲ್ಲಿ ಯಾರನ್ನು ಎಲ್ಲಿ ಕೂರಿಸಬೇಕು ಅಂತ ಧ್ಯಾನಶ್ಲೋಕ ಹೇಳುತ್ತದೆ. ಪೂಜೆಗೆ ಬೇಕಾದದ್ದು ಎರಡನೆಯದು.

ಆದ್ದರಿಂದ ಪಟ ಇದ್ದಲ್ಲೇ ಇರಲಿ. ಹರಿದು, ಮುಖ ಮಾಸಿ ಹೋದರೆ ಮಾತ್ರ ಬದಲಿಸೋದು. ಈ ರಾಮನವಮಿಗೆ ಅದರ ಮುಂದೆ ದೀಪ ಹಚ್ಚಿ, ಪಟ್ಟಾಭಿಷೇಕ ಸರ್ಗವನ್ನು ಮಗನ ಕೈಲೇ ಓದಿಸಿ, ಪಾನಕ ಕೋಸಂಬರಿ ನೈವೇದ್ಯ ಮಾಡಿ. ಅಜ್ಜಿಯ ಪಟವೂ ಉಳಿಯುತ್ತೆ, ಮೊಮ್ಮಗನ ಓದಿಗೂ ಬೆಲೆ ಸಿಗುತ್ತೆ. ಶುಭವಾಗಲಿ.